ಮಲಗುವ ಮೀನು, ಕೂರದ ಮಗು

ಮೀನಿಗೆ ಯಾರಾದರೂ ನಡತೆಯ ಸರ್ಟಿಫಿಕೇಟ್ ಕೊಟ್ಟದ್ದನ್ನು ಕೇಳಿದ್ದೀರಾ? ಅವರ್ಸಾದಲ್ಲಿರುವ ನನ್ನ ಶಾರದಕ್ಕ ಕೊಟ್ಟಿದ್ದಾಳೆ.

ಅವಳ ಪ್ರಕಾರ ಬಂಗಡೆ ಶುದ್ಧ ಪೋಕರಿ. ಗುಂಪು ಕಟ್ಟಿಕೊಂಡು ಸಮುದ್ರವೆಲ್ಲ ಸುತ್ತುತ್ತದೆ. ಸಿಗಡಿ ನಿಂತಲ್ಲಿ ನಿಲ್ಲದೆ ಚಿಮ್ಮುತ್ತದೆ. ಕುರ್ಲಿಯ (ಅದೇ, ನಿಮ್ಮ ಏಡಿ) ವಿಷಯ ಕೇಳಲೇಬೇಡಿ, ಅದು ನೆಟ್ಟಗೆ ನಡೆದದ್ದನ್ನು ಕಂಡವರಿಲ್ಲ. ಮರ್ಯಾದಸ್ಥ ಮೀನು ಅಂತ ಇರುವುದು ಒಂದೇ, ಲೆಪೊ. ಚಪ್ಪಟೆಯಾಗಿ ತಳದ ಮರಳಿಗೆ ಅಂಟಿಕೊಂಡು, ಯಾರ ಸುದ್ದಿಗೂ ಹೋಗದೆ ಮಲಗಿರುತ್ತದೆ.

ಹಾಗಾಗಿ ಅಕ್ಕನ ಎಂಟು ವರ್ಷದ ಮೊಮ್ಮಗಳು ಶ್ರೇಯಾಳಿಗೆ ಕಳೆದ ಮಳೆಗಾಲದಿಂದ ಲೆಪೊ ಬಿಟ್ಟು ಬೇರೆ ಮೀನಿಲ್ಲ. ಯಾಕೆ? ಹುಡುಗಿ ಕೂತಲ್ಲಿ ಕೂರಲಿ ಎಂದು.

ಕೂತಳಾ? ಎಲ್ಲಿಂದ!

ಊಟಕ್ಕೆ ಕೂರಿಸಿದರೆ ಎರಡು ತುತ್ತಿನ ನಡುವೆ ಅಂಗಳಕ್ಕೆ ಹೋಗಿ ಬರುತ್ತಾಳೆ. ನೀರು ತಾ ಎಂದು ಒಳಗೆ ಕಳಿಸಿದರೆ ಬೆಕ್ಕು ತರುತ್ತಾಳೆ. ಒಂದು ಚಪ್ಪಲಿ ಮನೆಗೆ ಬಂದರೆ ಇನ್ನೊಂದು ಶಾಲೆಯಲ್ಲೇ ವಸ್ತಿ. ಲೆಕ್ಕವೇನೋ ಬರುತ್ತದೆ, ಆದರೆ ಉತ್ತರ ಅರ್ಧಕ್ಕೇ ನಿಂತಿರುತ್ತದೆ, ಅಷ್ಟರಲ್ಲಿ ಕಿಟಕಿಯಲ್ಲಿ ಕಾಗೆ ಕೂತಿರುತ್ತದೆ. ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಇವಳ ಉತ್ತರ ತಯಾರು. (ಬಹಳ ಸಲ ಸರಿಯುತ್ತರವೇ. ಟೀಚರಿಗೆ ಅದೇ ಇನ್ನಷ್ಟು ಸಿಟ್ಟು.)

ಕಳೆದ ತಿಂಗಳು ಅಂಕೋಲೆಯಲ್ಲಿರುವ ಅವಳ ಶಾಲೆಯ ಹೆಡ್‌ಮೇಡಂ ಅಪ್ಪ-ಅಮ್ಮನನ್ನು ಕರೆಸಿ ಹೇಳಿಬಿಟ್ಟರು. "ಬೇರೆ ಮಕ್ಳಿಗೆ ತೊಂದ್ರೆ ಆಗ್ತದೆ. ಪರೀಕ್ಷೆ ಮುಗಿದ್ಮೇಲೆ ಟಿ.ಸಿ. ತಗೊಂಡು ಹೋಗಿ."

ಮೂರನೇ ಕ್ಲಾಸಿನ ಮಗುವಿಗೆ ಟಿ.ಸಿ.! ಬ್ಯಾಂಕ್ ದರೋಡೆ ಮಾಡಿದ್ದಳಾ?

ಮನೆಯಲ್ಲಿ ಪಂಚಾಯ್ತಿ ಕೂತಿತು. ತಪ್ಪು ಯಾರದ್ದು? ಇನ್ಯಾರದ್ದು, ತಾಯಿಯದ್ದೇ. ಅಕ್ಕನ ಸೊಸೆ ವೀಣಾಳ ತವರು ಚಿತ್ತಾಕುಲ. ಅವಳು ಬಸುರಿಯಾಗಿದ್ದಾಗ ಬಯಕೆ ಊಟಕ್ಕೆ ಅವಳಮ್ಮ ಡಬ್ಬಿ ತುಂಬ ಕುರ್ಲಿ ಸಾರು ಕಳಿಸಿದ್ದರು. ಕಾಳಿ ನದಿ ಸಮುದ್ರ ಸೇರುವ ಜಾಗದ ಕುರ್ಲಿ. ಅದರ ರುಚಿಯೇ ಬೇರೆ. (ನಾನೂ ತಿಂದಿದ್ದೆ. ನನಗೇನಾದರೂ ಆಗಿದೆಯೋ ಎಂಬುದನ್ನು ಪ್ರತಿವಾರ ಓದುವ ನೀವೇ ಹೇಳಬೇಕು.)

"ಬಸ್ರಿ ಇದ್ದಾಗ ಕುರ್ಲಿ ತಿಂದ್ರೆ ಮತ್ತೆಂತ ಆಗುದು? ಮಗು ಅಡ್ಡಡ್ಡ ಓಡುದೇ!" ಎಂಬುದು ಅಕ್ಕನ ತೀರ್ಪು. ಇದಕ್ಕೆ ಅಪೀಲು ಇಲ್ಲ. ವೀಣಾ ಎಂಟು ವರ್ಷ ಇದನ್ನು ಕೇಳಿಸಿಕೊಂಡಿದ್ದಾಳೆ. ಪಾಪ, ತವರಿನಿಂದ ಬರುವಾಗ ಒಣಮೀನು ತರಲಿಕ್ಕೂ ಹೆದರುತ್ತಿದ್ದಳು.

ನಾನು ಕಾರವಾರದಿಂದ ಅಕ್ಕನ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. "ಹುಬ್ಬಳ್ಳಿ ಕಡೆಯಿಂದ ತಿಂಗಳಿಗೊಮ್ಮೆ ಮಕ್ಕಳ ಮನಸ್ಸಿನ ಡಾಕ್ಟ್ರು ಇಲ್ಲಿಗೆ ಬರ್ತಾರೆ. ಒಂದ್ಸಲ ತೋರಿಸುವಾ."

"ಹುಚ್ಚು ಡಾಕ್ಟ್ರಾ? ನಿಂಗೆ ತಲೆ ಸಮ ಉಂಟಾ? ನಾಳೆ ಹುಡ್ಗಿಗೆ ಮದ್ವೆ ಆಗುದು ಬ್ಯಾಡ್ವಾ?"

"ಮದ್ವೆ ಕತೆ ಇರ್ಲಿ ಮಾರಾಯ್ತಿ, ಮೊದ್ಲು ನಾಲ್ಕನೇ ಕ್ಲಾಸಿಗೆ ಹೋಗ್ಲಿ!"

ಆ ಮಾತು ನಾಟಿತು. ಆದರೆ ಅಕ್ಕನದೊಂದು ಷರತ್ತು. ತಾನೂ ಬರುವವಳೇ.

ಡಾಕ್ಟರು ಧಾರವಾಡದ ಹೆಣ್ಣುಮಗಳು, ಮೂವತ್ತರ ಆಸುಪಾಸು. ನಾವು ಒಳಗೆ ಹೋಗಿ ಕೂರುವಷ್ಟರಲ್ಲಿ ಶ್ರೇಯಾ ತೂಕದ ಯಂತ್ರ ಹತ್ತಿಳಿದು, ಪರದೆ ಎಳೆದು, ಮೇಜಿನ ಮೇಲಿನ ಬೆಲ್ ಒತ್ತಿ ನರ್ಸನ್ನು ಓಡಿಬರುವಂತೆ ಮಾಡಿದ್ದಳು. ಡಾಕ್ಟರು ನಕ್ಕರು. ವೀಣಾಳ ಮುಖ ಮಾತ್ರ ನೆಲ ನೋಡುತ್ತಿತ್ತು.

"ಈಗ ಏನಾದರೂ ಔಷಧಿ ನಡದದ ಏನ್ರಿ?" ಡಾಕ್ಟರು ಕೇಳಿದರು.

"ಲೆಪೊ ಕೊಡ್ತೆ ಇದ್ದೆ," ಎಂದಳು ಅಕ್ಕ ಗಂಭೀರವಾಗಿ.

ಶುದ್ಧ ಸಸ್ಯಾಹಾರಿ ಡಾಕ್ಟರು ಪೆನ್ನು ತೆಗೆದರು. "ಇದು ಯಾವುದೋ ಹೊಸಾದು... ದಿನಕ್ಕ ಎಷ್ಟು ಕೊಡ್ತೀರಿ?"

"ಎರಡು. ರವೆ ಹಚ್ಚಿ ಹುರ್ದು."

ನಾನು ಕರ್ಚೀಫು ಬಾಯಿಗೆ ಒತ್ತಿಕೊಂಡು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ.

ವಿವರ ಕೇಳಿ ಡಾಕ್ಟರು ಪೆನ್ನಿಗೆ ಟೋಪಿ ಹಾಕಿದರು. ನಗಲಿಲ್ಲ, ಪುಣ್ಯಾತ್ಗಿತ್ತಿ. ತುಂಬ ಹೊತ್ತು ಶ್ರೇಯಾಳನ್ನು ಆಡಿಸಿದರು, ಮಾತಾಡಿಸಿದರು, ವೀಣಾಳನ್ನು ಒಂದೊಂದೇ ಕೇಳಿದರು. ಶಾಲೆಯ ವರದಿಯನ್ನೂ ಓದಿದರು. ಕೊನೆಗೆ ಎಡಿಎಚ್‌ಡಿ ಎಂದರು. ಗಮನದ ಕೊರತೆ, ಅತಿ ಚಟುವಟಿಕೆ.

ಅಕ್ಕ ಬಿಡುತ್ತಾಳಾ? "ಸಮುದ್ರದ ಬದಿಗೆ ಚಿಪ್ಪಿ ಹೆಕ್ಕೂಕೆ ಕೂತ್ರೆ ಎರಡು ತಾಸು ಅಲ್ಲಾಡುದಿಲ್ಲ! ಮನಸ್ಸಿದ್ರೆ ಕೂರ್ತದೆ. ಎಲ್ಲಾ ಸೋಗು."

"ಹಂಗಲ್ರಿ ಅಜ್ಜಿ. ಆಕಿಗೆ ಗಮನಾನೇ ಇಲ್ಲ ಅಂತಲ್ಲ. ಎಲ್ಲಿ ಇಡಬೇಕು, ಯಾವಾಗ ತಗೀಬೇಕು ಅನ್ನೋದು ಆಕಿ ಕೈಯಾಗ ಇಲ್ಲ. ನಮ್ಮ ಮಿದುಳಿನಾಗ 'ಸ್ವಲ್ಪ ತಡಿ' ಅಂತ ಹೇಳೋದೊಂದು ಭಾಗ ಇರ್ತದ. ಆಕಿದು ಅದು ನಿಧಾನಕ್ಕ ಬೆಳೀಲಿಕ್ಕೆ ಹತ್ತದ. ಆಕಿ ಬೇಕಂತ ಮಾಡೂದಿಲ್ರಿ."

"ಮತ್ತೆ ಕುರ್ಲಿ?"

"ಕುರ್ಲಿಗೂ ಇದಕ್ಕೂ ಸಂಬಂಧ ಇಲ್ರಿ. ತಾಯಿದೂ ಏನೂ ತಪ್ಪಿಲ್ಲ."

ವೀಣಾ ಅತ್ತುಬಿಟ್ಟಳು. ಸಣ್ಣಗೆ ಅಲ್ಲ, ಬಿಕ್ಕಿ ಬಿಕ್ಕಿ. ನನ್ನ ಕಣ್ಣೂ ತುಂಬಿತು. ಕೋಣೆಯಲ್ಲಿ ಆರಾಮವಾಗಿದ್ದವಳು ಶ್ರೇಯಾ ಒಬ್ಬಳೇ. ಅವಳು ಸ್ಟೆತೊಸ್ಕೋಪ್ ಹಾಕಿಕೊಂಡು ಕುರ್ಚಿಯ ಎದೆಬಡಿತ ಕೇಳುತ್ತಿದ್ದಳು.

ಅಕ್ಕ ತನ್ನ ಸೆರಗಿನ ತುದಿಯನ್ನು ಸೊಸೆಯ ಕೈಗಿಟ್ಟಳು. ಆಮೇಲೆ ಹೇಳಿದಳು. "ವೀಣಾ, ನಾ ನಿಂಗೆ ಸುಮ್ ಸುಮ್ನೆ ಬೈದೆ ಅಲ್ದಾ?"

"ನಂದು ಬಿಡಿ ಅತ್ತೆ. ಇದ್ನ ಶಾಲೇಲಿ ಹೇಳೂಕೆ ನೀವು ಬರ್ತ್ರಾ?"

"ಬರ್ತೆ. ಬರದೆ ಮತ್ತೆ!"

ಒಂದು ಮಾತು ಹೇಳಲೇಬೇಕು. ಜ್ವರ ಬಂದ ಮಗುವಿಗೆ ನಾವು ಬೈಯುತ್ತೇವಾ? 'ಮೈ ಯಾಕೆ ಬಿಸಿ ಮಾಡ್ಕೊಂಡೆ' ಎಂದು ಬೆಂಚಿನ ಮೇಲೆ ನಿಲ್ಲಿಸುತ್ತೇವಾ? ಇಂಥ ಮಕ್ಕಳಿಗೆ ಮಾತ್ರ ಬಿರುದುಗಳೋ ಬಿರುದುಗಳು. ತಂಟೆಕೋರ, ಉಡಾಳ. ಹೆಣ್ಣಾದರೆ ಗಂಡುಬೀರಿ. ದಿನಾ ಬೈಸಿಕೊಂಡ ಮಗು ತಾನು ಕೆಟ್ಟವಳೆಂದೇ ನಂಬಿಬಿಡುತ್ತದೆ. ಅವರನ್ನು ಅವರ್ಸಾಕ್ಕೆ ಬಿಡಲು ನಾನೂ ಹೋದೆ. ಬಸ್ಸಿನಲ್ಲಿ ಶ್ರೇಯಾ ನನ್ನ ಸೆರಗು ಜಗ್ಗಿ ಕೇಳಿದಳು, "ಹಂಗಾರೆ ನಾ ಕೆಟ್ಟ ಹುಡ್ಗಿ ಅಲ್ಲ, ಅಲ್ದಾ?" ನನ್ನ ಉತ್ತರ ಹೊರಡುವಷ್ಟರಲ್ಲಿ ಅವಳು ಕಂಡಕ್ಟರನ ಸೀಟಿ ಕೇಳಲು ಹೋಗಿದ್ದಳು.

ಮೊನ್ನೆ ಸೋಮವಾರ ಅಂಕೋಲೆಗೆ ಹೋದೆವು. ಡಾಕ್ಟರು ಶಾಲೆಗೆಂದು ಬರೆದುಕೊಟ್ಟದ್ದು ದೊಡ್ಡ ಸಂಗತಿಯೇನಲ್ಲ. ಮುಂದಿನ ಬೆಂಚು, ಕಿಟಕಿಯಿಂದ ದೂರ. ಒಂದು ಸಲಕ್ಕೆ ಒಂದೇ ಕೆಲಸ. ನಡುನಡುವೆ ಎದ್ದು ಓಡಾಡಲು ಒಂದು ನೆಪ. ಚೆನ್ನಾಗಿ ಮಾಡಿದಾಗ ಅಲ್ಲೇ ಒಂದು ಶಭಾಷ್. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡೋಣ ಎಂದಿದ್ದರು.

ಹೆಡ್‌ಮೇಡಂ ಪೂರ್ತಿ ಓದಿ ಕಾಗದ ನಮ್ಮ ಕಡೆಗೇ ಸರಿಸಿದರು. "ಇವಳೊಬ್ಬಳಿಗೆ ಸ್ಪೆಷಲ್ ರೂಲ್ ಮಾಡ್ಲಿಕ್ಕೆ ಆಗುದಿಲ್ಲ. ನಾಳೆ ಎಲ್ಲಾ ಮಕ್ಳೂ ನಮ್ಗೂ ಬೇಕು ಅಂತಾರೆ."

ನಾನು ಪತ್ರಿಕೆಯಲ್ಲಿ ಬರೆಯುವವಳೆಂಬ ಜಂಬದಲ್ಲಿ ಏನೇನೋ ಹೇಳಲು ಹೋಗಿ ತೊದಲಿದೆ.

ಈಗ ಟಿ.ಸಿ. ಮಾತಿಲ್ಲ. ನಾಲ್ಕನೇ ಕ್ಲಾಸೂ ಅಲ್ಲೇ. ಮೊದಲ ಬೆಂಚು ಸಿಕ್ಕಿದೆ, ಸೀಮೆಸುಣ್ಣ ತರುವ ಕೆಲಸವೂ ಸಿಕ್ಕಿದೆ. (ಆ ಶಾಲೆಯಲ್ಲಿ ಇನ್ನು ಸೀಮೆಸುಣ್ಣಕ್ಕೆ ಬರಗಾಲವಿಲ್ಲ.) ಇದರಲ್ಲಿ ನನ್ನ ಪ್ರತಾಪ ಏನೂ ಇಲ್ಲ. ಅಕ್ಕ ಹೆಡ್‌ಮೇಡಂರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಬಹಳ ಮೆತ್ತಗೆ ಕೇಳಿದ್ದಿಷ್ಟೇ:

"ಅಲ್ಲ ಮೇಡಂ, ನಿಮ್ಮ ಮೂಗಿನ ಮೇಲೆ ಕನ್ನಡಕ ಉಂಟಲ್ದಾ, ಅದ್ನ ಕಂಡು ಯಾವ ಹುಡ್ಗರಾದ್ರೂ ತಮ್ಗೂ ಬೇಕು ಅಂತ ಹಟ ಮಾಡಿದ್ರಾ?"