ಕುರ್ಚಿಯ ಸಂಬಳ

ಚನ್ನಗಿರಿಯಲ್ಲಿ ಬಸ್ಸು ಹತ್ತಿದರೆ ಪಕ್ಕ ಕೂತವರು ಮೊದಲು ಊರು ಕೇಳುತ್ತಾರೆ, ಆಮೇಲೆ ಮಕ್ಕಳೆಷ್ಟು ಅಂತ ಕೇಳುತ್ತಾರೆ, ನಲ್ಲೂರು ಬರುವಷ್ಟರಲ್ಲಿ ಸಂಬಳವನ್ನೂ ಕೇಳಿ ಮುಗಿಸಿರುತ್ತಾರೆ. ನಾನೂ ಅದೇ ಜಾತಿಯವಳು. ಕಂಡಕ್ಟರ್‌ಗೆ ಎಷ್ಟು, ನರ್ಸಮ್ಮನಿಗೆ ಎಷ್ಟು ಎಂದು ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಆದರೆ ಸಂಬಳ ಕೊಡುವವರ ಎದುರು ನಿಂತಾಗ ಮಾತ್ರ ನಮ್ಮ ಬಾಯಿಗೆ ಬೀಗ. "ನೀವೇ ನೋಡಿ ಕೊಡ್ರಿ" ಅನ್ನುತ್ತೇವೆ. ಅದನ್ನೇ ಮರ್ಯಾದೆ ಅಂದುಕೊಂಡಿದ್ದೇವೆ.

ಊರಿನ ಒಂದು ಪೈಪಿನ ಅಂಗಡಿಯಲ್ಲಿ ನಾನು ಕಂಪ್ಯೂಟರಿನಲ್ಲಿ ಬಿಲ್ಲು ಮಾಡುತ್ತಿದ್ದೆ. ಸೇರುವಾಗ ಹೇಳಿದ್ದು ಅದೇ ಮಾತು. ಮಾಲೀಕರು ನೋಡಿದರು, ಕೊಟ್ಟರು. ಏಳು ವರ್ಷ ನೋಡಿ ನೋಡಿ ಒಂಬತ್ತು ಸಾವಿರಕ್ಕೆ ತಂದು ನಿಲ್ಲಿಸಿದರು. ಆಮೇಲೆ ಅಂಗಡಿಯನ್ನೇ ಮುಚ್ಚಿದರು. ಮಗಳನ್ನು ಪಿಯುಸಿಗೆ ಹಾಸ್ಟೆಲ್ಲಿಗೆ ಸೇರಿಸಬೇಕಾದ ವರ್ಷ ಅದು. ಕೆಲಸ ಬೇಕೇ ಬೇಕಿತ್ತು, ಅದೂ ಒಂಬತ್ತಕ್ಕಲ್ಲ.

ಹೊನ್ನಾಳಿಯ ಇಂಥದ್ದೇ ಒಂದು ಅಂಗಡಿಯಲ್ಲಿ ಜಾಗ ಖಾಲಿ ಇದೆಯೆಂದು ತಿಳಿದು ಹೋದೆ. ಮಾಲೀಕರ ಮೊದಲ ಪ್ರಶ್ನೆಯೇ, "ಹಿಂದೆ ಎಷ್ಟು ಕೊಡ್ತಿದ್ರು?"

ಹದಿನಾಲ್ಕು ಎಂದು ಸುಳ್ಳು ಹೇಳುವುದನ್ನು ದಾರಿಯುದ್ದಕ್ಕೂ ರೂಢಿ ಮಾಡಿಕೊಂಡಿದ್ದೆ. ಆದರೆ ಪೈಪಿನ ವ್ಯಾಪಾರದವರೆಲ್ಲ ಒಬ್ಬರಿಗೊಬ್ಬರು ಪರಿಚಯ, ಅವರ ಫೋನು ಟೇಬಲ್ಲಿನ ಮೇಲೇ ಇತ್ತು. "ಒಂಬತ್ತು" ಅಂದುಬಿಟ್ಟೆ.

"ಹಂಗಾದ್ರೆ ಹತ್ತು ಕೊಡ್ತೀನಿ. ಹೆಂಗಸ್ರಿಗೆ ಬಸ್ಸು ಫ್ರೀ ಐತಲ್ಲ, ನಿಮ್ಗೇನು ಖರ್ಚು?"

ಸರ್ಕಾರ ಕೊಟ್ಟ ಟಿಕೆಟ್ಟನ್ನು ಇವರು ನನ್ನ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದಾರಲ್ಲ ಎಂದು ಮೈ ಉರಿಯಿತು. ಆ ಸಿಟ್ಟಿನಲ್ಲೂ ನನ್ನ ಕಣ್ಣು ಕಂಪ್ಯೂಟರಿನ ಮುಂದಿದ್ದ ಖಾಲಿ ಕುರ್ಚಿಯ ಕಡೆ ಹೋಯಿತು. ಸೀಟಿನ ಸ್ಪಂಜು ಒಂದು ಕಡೆ ತಗ್ಗಾಗಿತ್ತು. ಯಾರೋ ಬಹಳ ವರ್ಷ ಕೂತಿದ್ದಾರೆ. ಅವರಿಗೆ ಎಷ್ಟು ಬರುತ್ತಿತ್ತೋ? ತಡೆಯಲಾಗಲಿಲ್ಲ.

"ಈ ಕುರ್ಚಿಯಾಗೆ ಮೊದ್ಲು ಇದ್ದೋರಿಗೆ ಎಷ್ಟು ಕೊಡ್ತಿದ್ರಿ?"

ಪಕ್ಕದಲ್ಲಿ ಬೋಲ್ಟು ತೂಗುತ್ತಿದ್ದ ವಯಸ್ಸಾದ ನೌಕರರೊಬ್ಬರು ತಲೆ ಎತ್ತದೆ, "ಹದಿನೆಂಟು" ಅಂದರು.

"ಅವ್ರು ಗಂಡಸ್ರು, ಸಂಸಾರಸ್ಥರು" ಎಂದರು ಮಾಲೀಕರು.

"ನಂದೂ ಸಂಸಾರಾನೇ ರೀ. ನಂಗೂ ಹದಿನೆಂಟೇ ಕೊಡ್ರಿ." ನನ್ನ ದನಿಗೆ ನಾನೇ ಬೆಚ್ಚಿದೆ.

"ಇನ್ನೊಬ್ರು ಬಂದಾರೆ. ಅವ್ರನ್ನೂ ನೋಡಿ ಹೇಳ್ತೀನಿ."

ಆ ಇನ್ನೊಬ್ಬರು ಹೊರಗೆ ಫೈಲು ಅವುಚಿಕೊಂಡು ನಿಂತಿದ್ದ ಹುಡುಗಿ. ಕೆರೆಬಿಳಚಿಯವಳು, ಡಿಗ್ರಿ ಈಗಷ್ಟೇ ಮುಗಿದಿತ್ತು. ಮಾತಾಡಿಸಿ ಅಷ್ಟನ್ನೂ ತಿಳಿದುಕೊಂಡೆ.

"ಅಕ್ಕಾ, ನಾನು ಎಂಟು ಕೇಳಾಣ ಅಂತಿದೀನಿ. ಜಾಸ್ತಿ ಆಯ್ತದಾ?" ಎಂದಳು.

ಇವಳು ಎಂಟು ಅಂದರೆ ನನ್ನನ್ನು ಯಾರು ಕೇಳುತ್ತಾರೆ? ಇಬ್ಬರೂ ಹದಿನೆಂಟು ಅಂದರೆ, ಏಳು ವರ್ಷದ ಅನುಭವ ಇರುವ ನನಗೇ ಕೆಲಸ. ತಕ್ಷಣ ಅವಳ ಕೈ ಹಿಡಿದು, "ಆ ಕುರ್ಚಿಗೆ ಹದಿನೆಂಟೈತೆ. ಅದಕ್ಕಿಂತ ಒಂದ್ರೂಪಾಯಿ ಕಡಿಮೆ ಕೇಳ್ಬ್ಯಾಡ, ಗಟ್ಟಿಯಾಗಿ ಹೇಳು" ಅಂದೆ. ಏನಾಯಿತೆಂದು ತಿಳಿಯದೆ ಇರಲಾರದವಳು ನಾನು, ಅವಳ ನಂಬರನ್ನು ತೆಗೆದುಕೊಂಡು ನನ್ನದನ್ನೂ ಕೊಟ್ಟೆ.

ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. "ಅಕ್ಕಾ, ಹದಿನೆಂಟಕ್ಕೇ ಒಪ್ಪಿದ್ರು! ಜಿಎಸ್‌ಟಿ ಫೈಲ್ ಮಾಡಾಕೂ ಬರ್ತೈತೆ ಅಂದೆ, ನಾಳೆಯಿಂದ್ಲೇ ಬಾ ಅಂದ್ರು. ನೀವು ಹೇಳ್ದೆ ಇದ್ದಿದ್ರೆ ಎಂಟಕ್ಕೇ ಸೇರ್ತಿದ್ದೆ. ನಮ್ಮವ್ವ ದಿನಾ ನಿಮ್ಮ ಹೆಸ್ರು ಹೇಳಿ ದೀಪ ಹಚ್ಚತೀನಿ ಅಂತಾಳೆ."

ಹೊಟ್ಟೆ ಉರಿಯಿತು, ಅಳುವೂ ಬಂತು. "ಒಳ್ಳೇದಾತು ಬಿಡವ್ವ" ಅಂದೆ. ಹದಿನೆಂಟು ಕೇಳು ಎಂದು ನಾನು ಹೇಳಿದ್ದು ಅವಳಿಗೆ ಒಳ್ಳೆಯದಾಗಲಿ ಎಂದಲ್ಲ. ಅದನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ.