ದೇವರಾಗಿದ್ದ ಸೇತುವೆಯ ಕಲ್ಲು

ಒಂದೇ ಒಂದು ಕಲ್ಲು. ಅದಕ್ಕೆ ನಾನು ತೆತ್ತದ್ದು ಕ್ವಾರಿಯಿಂದ ತರಿಸಿದ ಇನ್ನೊಂದು ಕಲ್ಲು, ಒಂದು ಇಳಕಲ್ ಸೀರೆ, ಇಡೀ ಓಣಿಗೆ ಹೋಳಿಗೆ ಊಟ. ಹುಣಸೆಹಣ್ಣಿನ ವ್ಯಾಪಾರದಲ್ಲಿ ಇಷ್ಟು ಸೋತವನಲ್ಲ ನಾನು. ಆದರೂ ಕೊಟ್ಟೆ. ಆ ಕಲ್ಲಿಲ್ಲದೆ ನಮ್ಮ ಹಳ್ಳದ ಸೇತುವೆ ಮುಂದಿನ ಮಳೆಗಾಲ ದಾಟುವುದು ಅನುಮಾನವಾಗಿತ್ತು.

ಕೊಟ್ಟೂರಿನಿಂದ ಇಟ್ಟಿಗಿ ಕಡೆಗೆ ಹೋಗುವ ದಾರಿಯ ಸೇತುವೆ ಅದು. ಮದ್ರಾಸ್ ಸರ್ಕಾರದ ಕಾಲದಲ್ಲಿ ಅರಳೆ ಬಂಡಿಗಳಿಗಾಗಿ ಕಟ್ಟಿದ್ದಂತೆ. ಮೂರು ಕಮಾನು, ಕಬ್ಬಿಣದ ಒಂದು ಸರಳೂ ಇಲ್ಲ. ಕಲ್ಲಿಗೆ ಕಲ್ಲು ಒತ್ತಿಕೊಂಡು, ನಡುವೆ ಸುಣ್ಣದ ಗಾರೆ ಕಚ್ಚಿಕೊಂಡು, ಇವತ್ತಿಗೂ ನನ್ನ ಲಾರಿಗಳನ್ನು ಹೊರುತ್ತದೆ. ಕಮಾನುಗಳ ನಡುವಿನ ಎರಡು ಕಂಬಗಳಿಗೂ, ನೀರು ಬರುವ ದಿಕ್ಕಿಗೆ, ಮೂಗಿನಂತೆ ಚೂಪಾದ ಸೊಂಟದೆತ್ತರದ ಕಲ್ಲು. ಹಳ್ಳ ತುಂಬಿ ಬಂದಾಗ ನೀರನ್ನು ಎರಡಾಗಿ ಸೀಳುವುದು ಅದೇ. ಅದಿಲ್ಲವೆಂದರೆ ಹೊಡೆತವೆಲ್ಲ ಕಂಬದ ಬುಡಕ್ಕೆ.

ರಿಪೇರಿಗೆ ಬಂದ ಗುತ್ತಿಗೆದಾರ, ಜೆಸಿಬಿ ತಿರುಗಿಸಲು ಅಡ್ಡ ಎಂದು, ಒಂದು ಕಂಬದ ಮೂಗನ್ನೇ ಕಿತ್ತು ದಡಕ್ಕೆ ಎಸೆದಿದ್ದ.

"ಅದು ಶೋಕಿಗೆ ಇಟ್ಟಿದ್ದ ಕಲ್ಲು ಬಿಡ್ರಿ ಸಾವ್ಕಾರ್ರ. ಸಿಮೆಂಟ್ ಬಳದು ಕೊಡ್ತೀನಿ" ಎಂದ.

ಮೈಯೆಲ್ಲ ಉರಿಯಿತು. ಸಿಮೆಂಟಿನ ಬಣ್ಣ ನೋಡಿ ನೀರು ಪಕ್ಕಕ್ಕೆ ಸರಿಯುತ್ತದೆಯೇ? ನಾಲ್ಕು ಜನರನ್ನು ಸೇರಿಸಿ ಅಡ್ಡ ನಿಂತೆ. "ಕಲ್ಲು ತಂದುಕೊಟ್ರ ಕೂರಿಸ್ತೀನಿ" ಎಂದು ಕೈ ತೊಳೆದುಕೊಂಡ. ಎಸೆದವನು ಅವನು, ಹುಡುಕಬೇಕಾದವನು ನಾನು!

ದಡದಲ್ಲಿ ಕಲ್ಲಿರಲಿಲ್ಲ. ಕುರಿಗಾರರ ಓಣಿಯ ಬೇವಿನ ಮರದ ಬುಡದಲ್ಲಿ ಸಿಕ್ಕಿತು. ನಯವಾಗಿ ಕೆತ್ತಿದ ಕಲ್ಲು ದಿಕ್ಕಿಲ್ಲದೆ ಬಿದ್ದಿರುವುದನ್ನು ನಮ್ಮ ಕಡೆಯವರು ನೋಡಿ ಸುಮ್ಮನಿರುವುದಿಲ್ಲ. ಟ್ರ್ಯಾಕ್ಟರಿನಿಂದ ಎಳೆದು ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಹಸಿರು ಬಳೆ ಇಟ್ಟಿದ್ದರು. ಪೂಜೆ ಮಾಡುತ್ತಿದ್ದ ಕುರಿಗಾರರ ಮನೆಯ ಅಜ್ಜಿ ಕೈ ಅಡ್ಡ ಹಿಡಿದಳು.

"ಮುಟ್ಟಬ್ಯಾಡಪ್ಪ. ಅಕಿ ಈಗ ನಮ್ಮವ್ವ."

"ಯವ್ವಾ, ಅದು ಸೇತುವಿ ಕಲ್ಲು."

"ಕಿತ್ತು ಒಗದಾಗ ಎಲ್ಲಿ ಹೋಗಿದ್ದಿ? ಹುಣಸಿಹಣ್ಣು ತೂಗಾಕತ್ತಿದ್ದೇನು?"

ಸುತ್ತಲಿದ್ದವರು ನಕ್ಕರು. ನಾನು ಧಾಟಿ ಬದಲಿಸಿದೆ.

"ಸೇತುವಿ ಬಿದ್ರ ನಿನ್ನ ಕುರಿ ಹೆಂಗ ದಾಟ್ತಾವ? ಅವ್ವನ್ನ ನೀರಿನ ಮುಂದ ನಿಲ್ಲಸೂಣು. ಕಾಯಾಕಿ ಅಕಿನ ಅಲ್ಲೇನು?"

ಅಜ್ಜಿ ಕಲ್ಲಿನ ಮುಂದಿನ ಬಳೆಗಳನ್ನು ಸರಿಸಿಟ್ಟಳು. "ಬರಿಗೈಲೆ ಕಳಸಾಕ ಬರಂಗಿಲ್ಲ. ಈ ಜಾಗಕ್ಕ ಇನ್ನೊಂದು ಕಲ್ಲು ತಾ. ಸೀರಿ ಇಟ್ಟು ಉಡಿ ತುಂಬು. ಓಣಿಗೆ ಊಟ ಹಾಕು."

"ಅರ್ಧ ಓಣಿಗೆ?"

"ಅರ್ಧ ಸೇತುವಿ ಮ್ಯಾಲ ಲಾರಿ ಹೊಡಿತೀಯೇನು?"

ಅಜ್ಜಿ ಕೇಳಿದ್ದನ್ನೆಲ್ಲ ಮಾಡಿದೆ. ಗುತ್ತಿಗೆದಾರನ ಮೇಸ್ತ್ರಿಯಿಂದಲೇ, ಎದುರು ನಿಂತು, ಸುಣ್ಣದ ಗಾರೆಯಲ್ಲಿ ಮೂಗನ್ನು ಕೂರಿಸಿದೆ. ಮಳೆಗಾಲದ ದೊಡ್ಡ ನೀರು ಅದಕ್ಕೆ ಬಡಿದು ಎರಡು ಕಡೆಗೆ ಒಡೆದು ಹೋಯಿತು, ಕಂಬ ಅಲುಗಲಿಲ್ಲ. ಕಿತ್ತವನನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಅವನೀಗ ಇನ್ನೊಂದು ಹಳೆಯ ಸೇತುವೆಯ ಮೇಲೆ ಕೈ ಹಾಕಿದ್ದಾನಂತೆ.

ಅದು ನಿಮ್ಮೂರಿನದೇ ಇರಬಹುದು. ಆದ್ದರಿಂದ ಕೆಲಸ ಶುರುವಾಗುವ ಮುಂಚೆಯೇ ಹಳ್ಳಕ್ಕಿಳಿದು ಒಂದೊಂದು ಕಂಬದ ಫೋಟೋ ತೆಗೆದಿಟ್ಟುಕೊಳ್ಳಿ. ಕಿತ್ತ ಕಲ್ಲಿಗೆ ಸ್ಥಳದಲ್ಲೇ ನಂಬರ್ ಬರೆಸಿ. ಗಾರೆ ಇದ್ದ ಕಡೆ ಗಾರೆಯನ್ನೇ ಕೇಳಿ, ಸಿಮೆಂಟ್ ಬಳಿಯಲು ಬಿಡಬೇಡಿ. ಕಲ್ಲು ದಡದಲ್ಲಿ ಬಿದ್ದಿದೆ ಎಂದು ಗೊತ್ತಾದರೆ ಸಂಜೆಯೊಳಗೆ ಎತ್ತಿಸಿ ಸೇತುವೆಯ ಪಕ್ಕಕ್ಕೇ ತಂದಿಡಿ.