ಕರಜಗಿಯ ಸರದಿ ಕಸಿಯದ ಗಂಗುಬಾಯಿ

ಕೊರೋನಾ ಲಸಿಕೆ ಬಂದ ವರ್ಷ ಹಳ್ಳಿಗೆ ಬಂದ ಡೋಸನ್ನು ಎಷ್ಟೋ ಕಡೆ ಮೊದಲು ಚುಚ್ಚಿಸಿಕೊಂಡವರು ಹಳ್ಳಿಯವರಲ್ಲ, ಮೊಬೈಲಿನ ಮೇಲೆ ಬೆರಳು ಚುರುಕಾಗಿದ್ದ ಪೇಟೆಯವರು. ಇದು ನಿಮಗೆ ಗೊತ್ತು. ಕಾರು ಹತ್ತಿ ಹೋದರು, ತೋಳು ಚಾಚಿದರು, ಬಂದರು. ಸೊಲ್ಲಾಪುರದ ಹತ್ತಿರದ ಅಕ್ಕಲಕೋಟದಲ್ಲಿ ಆಗ ಗುಡಿ ಮುಚ್ಚಿತ್ತು. ಹೊರಗಿನಿಂದಲೇ ಸ್ವಾಮಿಗೆ ಕೈಮುಗಿದು, ಪುಣ್ಯವೂ ಆಯಿತು ಡೋಸೂ ಆಯಿತು ಎಂದು ವಾಟ್ಸಾಪಿಗೆ ಫೋಟೊ ಹಾಕಿದವರೂ ಇದ್ದಾರೆ. ಅಂಥವರ ಹೆಸರು ಬರೆದು ಶಾಯಿ ಕೆಡಿಸುವುದು ಬೇಡ. ಬರೆಯಬೇಕಾದದ್ದು ಗಂಗುಬಾಯಿಯವರ ಹೆಸರು.

ಗಂಗುಬಾಯಿ ಸೊಲ್ಲಾಪುರದ ಮಂಗಳವಾರ ಪೇಟೆಯವರು. ಗಂಡ ನಾಗಣ್ಣ ಚಾದರ, ಟವೆಲ್ಲುಗಳ ಸಗಟು ವ್ಯಾಪಾರಿ. ತವರು ಹತ್ತಿರದ ಬೋರಾಮಣಿ ಹಳ್ಳಿ. ದೀಪಾವಳಿಯ ಗದ್ದಲದಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಕೂರುವವರು ಇವರೇ. ದೊಡ್ಡ ಮನೆಯವರು ಬಂದು ಮೊದಲು ನಮ್ಮದು ಕೊಡಿ ಎಂದರೆ ಚಹಾ ತರಿಸಿ ಕೂರಿಸುತ್ತಾರೆ. ಮೊದಲು ಬಂದ ಹಳ್ಳಿಯವನ ಚಾದರವನ್ನೇ ಮೊದಲು ಕಟ್ಟಿಸುತ್ತಾರೆ. ಇದರಿಂದ ನಾಗಣ್ಣ ಒಂದೆರಡು ದೊಡ್ಡ ಗಿರಾಕಿಗಳನ್ನು ಕಳೆದುಕೊಂಡದ್ದೂ ಉಂಟು.

ಮಗಳು ಮಯೂರಿ ಒಮಾನಿನ ಮಸ್ಕತ್ತಿನಲ್ಲಿದ್ದಳು. ಅಳಿಯ ಯೋಗಿರಾಜ ಅಲ್ಲಿ ಬಟ್ಟೆ ಕಂಪನಿಯೊಂದರ ಲೆಕ್ಕ ನೋಡಿಕೊಳ್ಳುತ್ತಿದ್ದ. ೨೦೨೧ರಲ್ಲಿ ಅವಳಿಗೆ ಚೊಚ್ಚಲ ಬಸಿರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ರೂಢಿ. ಆದರೆ ಎರಡನೇ ಅಲೆಗೆ ಒಮಾನ್ ಭಾರತದವರಿಗೆ ಬಾಗಿಲು ಹಾಕಿತ್ತು. ಮಯೂರಿ ಬಂದರೆ ಮರಳಿ ಹೋಗುವ ಖಾತ್ರಿಯಿರಲಿಲ್ಲ. ಹಾಗಾದರೆ ತಾಯಿಯೇ ಹೋಗಬೇಕು. ಗಂಗುಬಾಯಿ ಕೂಸಿನ ತಲೆಗೆ ಕುಂಚಿಗೆ ಹೊಲಿಸಿದರು, ಬಾಣಂತಿಯ ಉಂಡೆಗೆ ಅಂಟು, ಅಳ್ವಿ ಬೀಜ, ಒಣಕೊಬ್ಬರಿ ಕಟ್ಟಿಟ್ಟರು.

ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು, ಆ ದೇಶ ಒಪ್ಪಿದ ಲಸಿಕೆ ಹಾಕಿಸಿಕೊಂಡವರಿಗೆ ಮಾತ್ರ. ಗಂಗುಬಾಯಿ ಬೇಸಿಗೆಯಲ್ಲೇ ಎರಡೂ ಡೋಸ್ ಮುಗಿಸಿದ್ದರು. ಆದರೆ ಅದು ಕೋವ್ಯಾಕ್ಸಿನ್; ಒಮಾನಿನ ಪಟ್ಟಿಯಲ್ಲಿ ಆಗ ಅದಿರಲಿಲ್ಲ. ಇಲ್ಲಿ ಸರ್ಕಾರವೇ ಕರೆದು ಚುಚ್ಚಿದ ಸೂಜಿ ಅಲ್ಲಿ ಲೆಕ್ಕಕ್ಕಿಲ್ಲ! ಜಗತ್ತಿನ ಜಾಣರು ಸೇರಿ ಮಾಡಿದ ಏರ್ಪಾಡು ಇದು.

ಟಿಕೇಟಿನ ಏಜೆಂಟನೊಬ್ಬ ದಾರಿ ತೋರಿಸಿದ. ಅದನ್ನು ಮನೆಗೆ ಹೊತ್ತು ತಂದವನು ಮಗ ಶೈಲೇಶ.

“ಅವ್ವಾ, ಭಾಳ ಮಂದಿ ಮಾಡ್ಯಾರ. ಆಧಾರ್ ಬಿಟ್ಟು ಪ್ಯಾನ್ ಕಾರ್ಡ್ ಮ್ಯಾಲ ಮತ್ತೊಮ್ಮಿ ಹೆಸರು ಹಚ್ಚೋದು, ಕೋವಿಶೀಲ್ಡ್ ತಗೊಳ್ಳೋದು. ಖಲಾಸ್.”

“ಎರಡರ ಮ್ಯಾಲ ಮತ್ತೆರಡ? ನಾ ಏನ್ ಎಮ್ಮಿ ಏನೋ?”

“ಈಗ ಒಂದು ತಗೊಂಡ್ರ, ಪರದೇಶಕ್ಕ ಹೋಗೋರ ಲೆಕ್ಕದಾಗ ಇನ್ನೊಂದು ಮುಂದಿನ ತಿಂಗಳನ ಹಾಕಸ್ತೀನಿ ಅಂತಾನ ಏಜೆಂಟ. ಹೆರಿಗಿ ಹೊತ್ತಿಗಿ ಬರೋಬರ್ ಮುಟ್ತೀ. ಮಯೂರಿ ಸಲುವಾಗಿ, ಅವ್ವಾ.”

ಆ ಹೆಸರಿಗೆ ಗಂಗುಬಾಯಿ ಸೋತರು. ಸೊಲ್ಲಾಪುರದಲ್ಲಿ ಸ್ಲಾಟ್ ಸಿಗಲಿಲ್ಲ. ಅಕ್ಕಲಕೋಟದ ಆಚೆಯ ಹಳ್ಳಿ ಕರಜಗಿಯಲ್ಲಿ ಸಿಕ್ಕಿತು.

ಕರಜಗಿಯ ಶಾಲೆಯ ಅಂಗಳದಲ್ಲಿ ಮನುಷ್ಯರ ಸಾಲಿರಲಿಲ್ಲ, ಚಪ್ಪಲಿಗಳ ಸಾಲಿತ್ತು. ನಡುನಡುವೆ ಒಂದು ಕಲ್ಲು, ಒಂದು ಕೈಚೀಲ. ಬೆಳಕು ಹರಿಯುವ ಮೊದಲೇ ಬಂದು ತಂತಮ್ಮ ಜಾಗಕ್ಕೆ ಚಪ್ಪಲಿ ಬಿಟ್ಟವರು ಬೇವಿನ ಮರದ ಕೆಳಗೆ ಕೂತಿದ್ದರು. ಗಂಗುಬಾಯಿ ಅವರ ಪಕ್ಕಕ್ಕೆ ಹೋಗಿ ಕೂತರು. ಕುರಿ ಕಾಯುವ ಮನೆತನದ ಕಲ್ಯಾಣಮ್ಮ ಮಾತಿಗೆಳೆದಳು.

“ಯಾವೂರ್ರೀ ಅಕ್ಕಾ?”

“ಸೊಲ್ಲಾಪುರ.”

“ಅಯ್ಯ! ಸೊಲ್ಲಾಪುರದಾಗ ಎಲ್ಲಾ ಸಿಗ್ತದಂತ ನಾವು ಅಲ್ಲಿಗಿ ಬರ್ತೀವಿ. ನೀವು ಸೂಜಿ ಚುಚ್ಚಿಸ್ಕೊಳ್ಳಾಕ ಇಲ್ಲಿ ತನಕಾ ಬಂದೀರಿ!”

ಮರದ ಕೆಳಗೆ ನಗೆ ಎದ್ದಿತು. ಗಂಗುಬಾಯಿಯೂ ನಕ್ಕರು. “ನಿಂದು ಎಷ್ಟನೇದವ್ವಾ?”

“ನಂದ? ಒಂದೂ ಇಲ್ರಿ. ಬಂದಾಗೆಲ್ಲ ನನ್ನ ಚಪ್ಪಲಿ ಮಟಾ ಬರೂದ್ರಾಗ ಲಸಿಕಿ ಮುಗೀತದ. ಸೀಗಿ ಹುಣ್ಣಿವಿ ಆದ ಮ್ಯಾಲ ಕುರಿ ಹೊಡಕೊಂಡು ಹೊಂಟೀವಿ. ಅಡವ್ಯಾಗ ನಮ್ಮನ್ನ ಹುಡುಕ್ಕೊಂಡು ಯಾರು ಬರ್ತಾರ?”

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು, ಉಳಿದದ್ದು ಒಂದೇ ಬಾಟಲಿ, ಮೊಬೈಲಿನಲ್ಲಿ ಹೆಸರು ಹಚ್ಚಿದವರು ಮೊದಲು ಬನ್ನಿ ಎಂದು ಮರಾಠಿಯಲ್ಲಿ ಕೂಗಿದಳು. ಮೊದಲು ಕರೆದ ಹೆಸರು ಗಂಗುಬಾಯಿ ನಾಗಣ್ಣ. ಶೈಲೇಶ ತಾಯಿಯ ಮೊಳಕೈ ಹಿಡಿದ. “ನಡಿ ಅವ್ವಾ, ಲಗೂನ.”

ಗಂಗುಬಾಯಿ ಬಾಗಿಲ ತನಕ ನಡೆದರು. ಅಲ್ಲಿ ನಿಂತು ಕೇಳಿದರು: “ಬಾಯಿ, ನಾ ತಗೊಂಡ್ರ ಈ ಮಂದ್ಯಾಗ ಒಬ್ಬರಿಗಿ ತಪ್ಪತದೇನು?”

“ತಪ್ಪೇ ತಪ್ಪತದ ಕಾಕೂ,” ಎಂದಳು ನರ್ಸ್, ಈಗ ಕನ್ನಡದಲ್ಲಿ. “ಬಾಟಲಿ ಒಂದಕ್ಕ ಹತ್ತೇ ಮಂದಿ.”

ಮಗಳ ನೋವಿನ ಹೊತ್ತು ಒಂದು ಕಡೆ, ಈ ಚಪ್ಪಲಿಗಳು ಇನ್ನೊಂದು ಕಡೆ. ಗಂಗುಬಾಯಿ ಮಗನ ಹಿಡಿತದಿಂದ ಮೊಳಕೈ ಬಿಡಿಸಿಕೊಂಡರು. ಆಮೇಲೆ ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದರು: “ನನಗ ಎರಡೂ ಆಗ್ಯಾವ ಬಾಯಿ, ಸೊಲ್ಲಾಪುರದಾಗ. ಮಗಳ ಕಡಿ ಹೋಗೂ ಆಶಾಕ ಬ್ಯಾರೆ ಕಾರ್ಡ್ ಹಿಡಕೊಂಡು ಬಂದಿದ್ದೆ. ನಂದು ಈ ಕಲ್ಯಾಣಮ್ಮಗ ಹಾಕ್ರಿ.”

“ನಿಮಗ ಬೇಕಾದವರಿಗಿ ಕೊಡಾಕ ಬರಂಗಿಲ್ಲ ಕಾಕೂ. ಸಾಲಿನ್ಯಾಗ ಯಾರು ಮುಂದ ಅದಾರ, ಅವರಿಗಿ.”

“ಅದೂ ಖರೇನ. ಹಂಗ ಮಾಡ್ರಿ.”

ಸಾಲು ಒಂದು ಚಪ್ಪಲಿ ಮುಂದೆ ಸರಿಯಿತು. ಆ ಒಂದರಿಂದ ಕೊನೆಯ ಡೋಸ್ ಕಲ್ಯಾಣಮ್ಮನ ತನಕ ಬಂತು. ಕಾರಿನಲ್ಲಿ ಬಂದಿದ್ದ ಇತರರು ತಮ್ಮದನ್ನು ಬಿಡಲಿಲ್ಲ. ಮೊಬೈಲು ನೋಡುತ್ತ ಒಳಗೆ ಹೋದರು, ತೋಳು ಉಜ್ಜಿಕೊಳ್ಳುತ್ತ ಹೊರಗೆ ಬಂದರು.

ಹಿಂದಿರುಗುವಾಗ ಶೈಲೇಶ ಹೇಳಿದ್ದು ಒಂದೇ ಮಾತು: “ಮಯೂರಿಗಿ ನೀನ ಹೇಳು.” ಹೇಳಿದರು. ಮಯೂರಿ ಅತ್ತಳು, ಫೋನ್ ಇಟ್ಟಳು. ಮರುದಿನ ಫೋನ್ ಬಂದದ್ದು ಅಳಿಯನದು. “ಅತ್ತೀ, ಬಾಣಂತನ ಹೆಂಗ ಮಾಡೋದು ನೀವು ಹೇಳ್ರಿ, ನಾ ಕಲೀತೀನಿ.”

ಚಹಾ ಕಾಸಲೂ ಬಾರದ ಗಂಡಸು ಅವನು. ದಸರೆ ಮುಗಿದು ಹೆಣ್ಣುಮಗು ಹುಟ್ಟಿತು. ಸೊಲ್ಲಾಪುರದ ಅಡುಗೆಮನೆಯಲ್ಲಿ ಗಂಗುಬಾಯಿ, ಮಸ್ಕತ್ತಿನ ಅಡುಗೆಮನೆಯಲ್ಲಿ ಯೋಗಿರಾಜ, ನಡುವೆ ವಿಡಿಯೊ ಕಾಲ್.

“ಅತ್ತೀ, ಅಳ್ವಿ ಹೊತ್ತಿತ್ರಿ.”

“ಹೊತ್ತಿದ್ದು ನೀವು ತಿನ್ರಿ. ನನ್ನ ಮಗಳಿಗಿ ಹೊಸಾದು ಹುರೀರಿ.”

ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ಹಚ್ಚಿ ನೀರೆರೆಯುವುದನ್ನು ಅವನು ಕಲಿತ. ಪಕ್ಕದ ಮನೆಯ ರತ್ನಾಬಾಯಿ ಸುಮ್ಮನಿರಲಿಲ್ಲ. “ಹಡದವ್ವ ಇಲ್ಲಿ, ಬಾಣಂತನ ಅಳಿಯನ ಕೈಲೆ! ಏನ್ ಕಾಲ ಬಂತವ್ವಾ.”

“ಹೌದ, ನಮ್ಮ ಅಳಿಯಾರ ಕೈಲೆ,” ಎಂದರು ಗಂಗುಬಾಯಿ. “ನಿಮ್ಮ ಅಳಿಯಾರನ್ನೂ ಕಳಸ್ರಿ, ಕಲಿಸ್ತಾರ.”

ಅಕ್ಟೋಬರ್ ಕೊನೆಗೆ ಒಮಾನ್ ಕೋವ್ಯಾಕ್ಸಿನ್ನನ್ನು ಒಪ್ಪಿತು. ನವೆಂಬರಿನಲ್ಲಿ ಗಂಗುಬಾಯಿ ಹೋದರು, ಬೇಸಿಗೆಯಲ್ಲಿ ಹಾಕಿಸಿಕೊಂಡ ಅದೇ ಎರಡು ಡೋಸಿನ ಮೇಲೆ. ಬಾಗಿಲಲ್ಲೇ ಮಯೂರಿ, “ಸಿಟ್ಟು ಇನ್ನೂ ಹೋಗಿಲ್ಲವ್ವಾ,” ಎಂದಳು. ಎಂದು ಕೂಸನ್ನು ತಾಯಿಯ ಕೈಗಿತ್ತಳು. ಹೆರಿಗೆಯ ಹೊತ್ತು ಮಾತ್ರ ಗಂಗುಬಾಯಿಗೆ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಆ ನಷ್ಟವನ್ನು ಅವರು ಬಾಯಿ ಮುಚ್ಚಿಕೊಂಡು ನುಂಗಿದವರಲ್ಲ. ನೆನೆದಾಗೆಲ್ಲ ಈಗಲೂ ಅಳುತ್ತಾರೆ. ಅತ್ತ ಮೇಲೆ, “ಆದ್ರೂ ಹಂಗ ಮಾಡಿದ್ದ ಬರೋಬರ್,” ಎನ್ನುತ್ತಾರೆ.

ಅಂದು ಕಾರಿನಲ್ಲಿ ಮುಖ ಊದಿಸಿಕೊಂಡಿದ್ದ ಶೈಲೇಶ ಇಂದು ಅಂಗಡಿಗೆ ಬಂದವರಿಗೆಲ್ಲ ಈ ಕಥೆ ಹೇಳುತ್ತಾನೆ. ಪ್ಯಾನ್ ಕಾರ್ಡಿನ ಉಪಾಯ ಮನೆಗೆ ತಂದವನು ತಾನೇ ಎಂಬುದನ್ನೂ ಬಿಡುವುದಿಲ್ಲ. ಇಂಥ ತಾಯಿ ನಮ್ಮ ಊರಿನಲ್ಲಿದ್ದಾರೆಂದು ಎದೆಯುಬ್ಬಿಸಿ ಬರೆಯುತ್ತಿದ್ದೇನೆ. ಆದರೆ ಓದಿ ತಲೆದೂಗಿ ಪೇಪರು ಮಡಚಿಡಬೇಡಿ. ಅವರು ಇಡೀ ಅಂಗಳದ ಮುಂದೆ, ಮಗನ ಎದುರಿಗೆ ಬಾಯಿಬಿಟ್ಟು ಹೇಳಿದರು. ನೀವು ಯಾವ ಹಳ್ಳಿಯ ಸಾಲು ದಾಟಿ ಒಳಗೆ ಹೋಗಿದ್ದಿರಿ? ಇವತ್ತು ಊಟಕ್ಕೆ ಕೂತಾಗ, ನಿಮ್ಮ ಮಕ್ಕಳಿಗೆ ಕೇಳುವಂತೆ, ಆ ಊರಿನ ಹೆಸರು ಹೇಳಿ.